ಬೇಲಿಯಾಚೆಯಿಂದ ‘ಮಂಜಾ!’ ಎಂದರು

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ಒಳ್ಳೆಯ ಬಾಸ್ ಸಿಗುತ್ತಾರೆ. ನನಗೆ ಮಾತ್ರ ಅವಮಾನ ಮತ್ತು ಊಟ ಯಾವಾಗಲೂ ಒಟ್ಟಿಗೇ ಸಿಗುತ್ತವೆ. ಒಂದು ಸಲ ಆಗಿ ನಿಂತಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಸ್ಯಾನ್ ಪೀಡ್ರೊದ ನಮ್ಮ ಹಿತ್ತಲಿನ ಮರದ ಬೇಲಿಯ ಬಳಿ ಇದು ನಾಲ್ಕು ವರ್ಷ ನಡೆಯಿತು.

ಬೇಲಿಯ ಈ ಕಡೆ ನಾನು, ಮೈಸೂರಿನ ಮಂಜುನಾಥ. ಬಂದರಿನಲ್ಲಿ ಯಾವ ಹಡಗು ಯಾವಾಗ ದಡಕ್ಕೆ ಬರಬೇಕು ಎಂದು ನೋಡಿಕೊಳ್ಳುವ ಕೆಲಸ. ಆ ಕಡೆ ಎಂಬತ್ತು ದಾಟಿದ ಒಬ್ಬ ಇಟಾಲಿಯನ್ ಅಜ್ಜಿ. ಮದುವೆಯಾದ ಹೊಸತರಲ್ಲಿ, ಮೀನು ಹಿಡಿಯುವ ಗಂಡನ ಜೊತೆ ಇಟಲಿಯ ಒಂದು ಸಣ್ಣ ದ್ವೀಪದಿಂದ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇರುವ ಒಬ್ಬಳೇ ಮೊಮ್ಮಗಳು ಸ್ಯಾನ್ ಡಿಯಾಗೊದಲ್ಲಿ. ಇಟಾಲಿಯನ್ನಿನಲ್ಲಿ ಅಜ್ಜಿಗೆ ‘ನೊನ್ನಾ’ ಅನ್ನುತ್ತಾರೆ. ನಮ್ಮ ಬೀದಿಯವರೆಲ್ಲ, ಮೊಮ್ಮಕ್ಕಳಿರುವ ಮುದುಕರು ಕೂಡ, ಅವರನ್ನು ನೊನ್ನಾ ಎಂದೇ ಕರೆಯುತ್ತಿದ್ದರು.

೧. ಹೆಸರು ಹೇಳಿದ್ದಕ್ಕೆ

ನಾವು ಆ ಮನೆಗೆ ಹೋಗಿ ಮೂರು ವಾರವಾಗುವಷ್ಟರಲ್ಲಿ ಲಾಕ್‌ಡೌನ್ ಶುರುವಾಯಿತು. ಪಕ್ಕದ ಮನೆಯವರನ್ನು ಪರಿಚಯ ಮಾಡಿಕೊಳ್ಳದೆ ಇರುವುದು ಹೇಗೆ ಎಂದು ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಹೋದೆ. ಮುಖಕ್ಕೆ ಮಾಸ್ಕು, ನಡುವೆ ಆರಡಿ ದೂರ. ಅಜ್ಜಿ ತುಳಸಿಯ ಜಾತಿಯ ಏನೋ ಗಿಡಕ್ಕೆ ನೀರು ಹಾಕುತ್ತಿದ್ದರು. ಮಂಜುನಾಥ ಎಂದರೆ ಪಾಪ ನಾಲಿಗೆ ತೊಡರೀತು ಎಂದುಕೊಂಡು, ಎದೆಯ ಮೇಲೆ ಕೈಯಿಟ್ಟು, ಬಿಡಿಸಿ ಹೇಳಿದೆ:

“ಮಂಜು.”

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಆಹ್!” ಅಂದವರೇ ನೀರಿನ ಪೈಪು ಅಲ್ಲೇ ಬಿಟ್ಟು ಒಳಗೆ ಹೋದರು. ನನಗೆ ಮುಖಭಂಗವಾಯಿತು. ಒಳಗೆ ಬಂದು ಪಾತ್ರೆ ತೊಳೆಯುತ್ತಾ ನಿಂತೆ. ಹತ್ತು ನಿಮಿಷವಾಗಿರಬಹುದು, ಬೇಲಿಯ ಕಡೆಯಿಂದ ಗಟ್ಟಿಯಾಗಿ ಕೂಗು ಬಂತು:

“ಮಂಜಾ! ಮಂಜಾ!”

ನನ್ನ ಕೈಯಿಂದ ಲೋಟ ಜಾರಿತು. ಆಫೀಸಿನಲ್ಲಿ ನಾನು ಎಮ್‌ಜೆ. ಬೀದಿಯವರಿಗೂ ಎಮ್‌ಜೆ. ಹೆಂಡತಿಗೆ ‘ರೀ’, ಮಗಳಿಗೆ ‘ಅಪ್ಪ’. ಮಂಜಾ ಎಂದು ಕೊನೆಯ ಅಕ್ಷರ ಎಳೆದು ಕರೆಯುತ್ತಿದ್ದವಳು ಒಬ್ಬಳೇ, ನನ್ನ ಅಮ್ಮ. ಅಡುಗೆಮನೆಯ ಹೊಸಿಲಲ್ಲಿ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಮಂಜಾ, ತಟ್ಟೆ ಹಾಕಿದೀನಿ ಬಾರೋ” ಅನ್ನುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ.

“ಬಂದೆ!” ಎಂದು ಕನ್ನಡದಲ್ಲೇ ಕೂಗಿ, ಒದ್ದೆ ಕೈಯಲ್ಲೇ ಓಡಿದೆ. ಬೇಲಿಯ ಮೇಲೆ ಒಂದು ತಟ್ಟೆ ಇತ್ತು. ಬದನೆಕಾಯಿ, ಟೊಮೆಟೊ ಸಾಸು, ಮೇಲೆ ಕರಗಿದ ಚೀಸು. ಅಜ್ಜಿ ಕೈಯಿಂದ ಬಾಯಿಗೆ ಸನ್ನೆ ಮಾಡಿ ಮತ್ತೆ “ಮಂಜಾ!” ಅಂದರು. ನನಗೆ ಕಣ್ಣು ತುಂಬಿ ಬಂತು.

ಮಾರನೆಯ ದಿನ ಖಾಲಿ ತಟ್ಟೆ ಹಿಂತಿರುಗಿಸಲು ಹೋಗಿ, ಯಾರು ಬಂದಿದ್ದಾರೆ ಎಂದು ತಿಳಿಯಲಿ ಅಂತ, “ನೊನ್ನಾ, ಮಂಜು!” ಎಂದು ಕೂಗಿದೆ. ಆ ತಟ್ಟೆಯನ್ನು ಇಟ್ಟುಕೊಂಡು ಇನ್ನೊಂದು ತಟ್ಟೆ ಕೊಟ್ಟರು, ತುಂಬಿಸಿ. ಅದನ್ನು ವಾಪಸ್ಸು ಕೊಡಲು ಹೋದಾಗಲೂ ಅದೇ ಕಥೆ. ವಾರ ಕಳೆಯುವಷ್ಟರಲ್ಲಿ ನಮ್ಮ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿರಲಿಲ್ಲ.

ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಹೇಳಿದಳು: “ಬರೀ ಹೆಸರು ಹೇಳಿದ್ದಕ್ಕೆ ಇಷ್ಟು ಬಂತು. ಪುಣ್ಯಕ್ಕೆ ಇನಿಷಿಯಲ್ ಹೇಳಲಿಲ್ಲ ನೀವು.”

೨. ದಿನವೂ ಶುಕ್ರವಾರ

ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳುವ ಕಷ್ಟದ ದಿನವೂ ಬಂತು. ತಟ್ಟೆಯಲ್ಲಿ ಸೊಪ್ಪಿನ ಪಲ್ಯದಂಥದ್ದಿತ್ತು, ಅದರ ನಡುವೆ ಏನೋ ಸಣ್ಣದೊಂದು ಬಾಲ ಕಾಣಿಸಿತು.

“ನೊನ್ನಾ, ಇದರಲ್ಲಿ ಮೀನಿದೆಯಾ?”

“ಇಲ್ಲ. ಅದು ಉಪ್ಪು.”

“ಇದಕ್ಕೆ ಬಾಲ ಇದೆ ನೊನ್ನಾ.”

“ಉಪ್ಪು ಹಾಕಿದ ಸಣ್ಣ ಮೀನು. ಎಣ್ಣೆಯಲ್ಲಿ ಕರಗಿಹೋಗತ್ತೆ. ಕರಗಿದ ಮೇಲೆ ಮೀನೆಲ್ಲಿ? ಇದೊಂದು ಸರಿಯಾಗಿ ಕರಗಿಲ್ಲ, ಅಷ್ಟೇ.”

ನಮ್ಮ ಮನೆಯಲ್ಲಿ ಮಾಂಸವೂ ಇಲ್ಲ, ಮೀನೂ ಇಲ್ಲ ಎಂದು ವಿವರಿಸಿದೆ. ಅವರ ಧರ್ಮದಲ್ಲಿ, ಅವರ ಕಾಲದಲ್ಲಿ, ಶುಕ್ರವಾರ ಮಾಂಸ ತಿನ್ನುವಂತಿರಲಿಲ್ಲವಂತೆ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ಅದು.

“ಹಾಗಾದರೆ ಸೋಮವಾರ ತಿಂತೀರಾ?”

“ಇಲ್ಲ.”

“ಭಾನುವಾರ?”

“ಇಲ್ಲ ನೊನ್ನಾ. ನಮ್ಮಪ್ಪ ತಿಂತಿರಲಿಲ್ಲ, ತಾತನೂ ತಿಂತಿರಲಿಲ್ಲ.”

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬೇಲಿಯ ಮೇಲಿಂದ ಬಗ್ಗಿ, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಕೇಳಿದರು: “ವಾರವೆಲ್ಲ ಶುಕ್ರವಾರ! ನಿಮ್ಮ ತಾತ ಅಂಥದ್ದೇನು ಮಾಡಿದ್ದ?”

೩. ಮೊದಲು ಆ ನೀಲಿ ಹಡಗು

2021ರಲ್ಲಿ ನಮ್ಮ ಬಂದರಿನ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತಿದ್ದು ಎಲ್ಲರಿಗೂ ನೆನಪಿರಬಹುದು. ಸರಕು ಇಳಿಸಿಕೊಳ್ಳಲು ಜಾಗವಿಲ್ಲ, ಸಾಗಿಸಲು ಲಾರಿಯಿಲ್ಲ. ನಮ್ಮ ಗುಡ್ಡದ ಮೇಲಿಂದ ನೋಡಿದರೆ ಸಮುದ್ರವೇ ಪಾರ್ಕಿಂಗ್ ಲಾಟ್ ಆಗಿತ್ತು. ನಾನು ಹಿತ್ತಲಿನ ನಿಂಬೆ ಗಿಡದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುತ್ತಿದ್ದೆ.

ನೊನ್ನಾಗೆ ಪ್ರತಿವರ್ಷ ಅವರ ದ್ವೀಪದಿಂದ ನಾದಿನಿಯ ಮಗಳು ಒಂದು ದೊಡ್ಡ ಡಬ್ಬ ಆಲಿವ್ ಎಣ್ಣೆ ಕಳಿಸುತ್ತಾಳೆ. ಆ ಎಣ್ಣೆ ಬಾರದೆ ಆಗಸ್ಟಿನ ಟೊಮೆಟೊ ಸಾಸು ಮಾಡುವಂತಿಲ್ಲ. ಆ ವರ್ಷ ಎಣ್ಣೆ ಬಂದಿರಲಿಲ್ಲ. ಬಂದರಿನಲ್ಲಿ ಕೆಲಸ ಮಾಡುವವನು ನಾನು, ಹಡಗು ನಿಂತಿರುವುದು ನನ್ನ ಕಣ್ಣೆದುರಿಗೇ, ಆದ್ದರಿಂದ ತಪ್ಪು ನನ್ನದೇ ಎಂದು ಅವರು ತೀರ್ಮಾನ ಮಾಡಿದ್ದರು.

ಒಂದು ದಿನ ವಿಡಿಯೋ ಮೀಟಿಂಗಿನಲ್ಲಿ ದೊಡ್ಡ ದೊಡ್ಡವರೆಲ್ಲ ಕೂತಿದ್ದರು. ನಾನು ಗಂಭೀರವಾಗಿ ಏನೋ ಹೇಳುತ್ತಿದ್ದೆ. ಹಿಂದಿನಿಂದ, ಗಂಡನ ಹಳೆಯ ದುರ್ಬೀನು ಕಣ್ಣಿಗೆ ಹಿಡಿದುಕೊಂಡೇ, ನೊನ್ನಾ ಕೂಗಿದರು: “ಅವರಿಗೆ ಹೇಳು! ಆ ನೀಲಿ ಹಡಗು ಬಂದು ಎಷ್ಟೋ ದಿನ ಆಯ್ತು, ಕೆಂಪು ಹಡಗು ನಿನ್ನೆ ಬಂದಿದ್ದು. ಮೊದಲು ನೀಲಿ ಬಿಡಿ! ನನ್ನ ಎಣ್ಣೆ ಅದರಲ್ಲೇ ಇದೆ!”

ನಮ್ಮ ಬಾಸ್ ಮೆಲ್ಲಗೆ ಕೇಳಿದರು: “ಎಮ್‌ಜೆ, ಆಕೆ ಯಾವ ಡಿಪಾರ್ಟ್‌ಮೆಂಟು?”

ಕೊನೆಗೂ ಎಣ್ಣೆ ಬಂತು. ಹಡಗಿನಲ್ಲಲ್ಲ, ವಿಮಾನದ ಅಂಚೆಯಲ್ಲಿ. ಡಬ್ಬವನ್ನು ಮಗುವಿನ ಹಾಗೆ ಎತ್ತಿಕೊಂಡು ಬೇಲಿಯ ಹತ್ತಿರ ಬಂದು ನನಗೆ ತೋರಿಸಿದರು. “ನೋಡಿದೆಯಾ? ನನ್ನ ನಾದಿನಿ ಮಗಳಿಗೆ ನೀನು ಎಲ್ಲಿ ಕೆಲಸ ಮಾಡ್ತೀಯ ಅಂತ ಹೇಳಿದೆ. ತಕ್ಷಣ ವಿಮಾನದಲ್ಲಿ ಕಳಿಸಿದಳು.”

೪. ನನ್ನ ಏನು?

ಮರುವರ್ಷ ಮೈಸೂರಿನಿಂದ ನಮ್ಮ ಅತ್ತೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ನೊನ್ನಾಗೆ ಬರುತ್ತದೆ, ಆದರೆ ಅರ್ಧ ವಾಕ್ಯವಾದ ಮೇಲೆ ಇಟಾಲಿಯನ್ ಆಗಿಬಿಡುತ್ತದೆ. ಅತ್ತೆ ನಾಲ್ಕು ದಿನ ಕಿಟಕಿಯಲ್ಲಿ ನಿಂತು ಬೀದಿಯನ್ನು ಗಮನಿಸಿ, ಐದನೆಯ ದಿನ ನನ್ನನ್ನು ಕೇಳಿದರು:

“ಅಲ್ಲಾ ಅಳಿಯಂದ್ರೇ, ಹೋಗೋರು ಬರೋರೆಲ್ಲ ಆಕೇನ ‘ನನ್ನಾ, ನನ್ನಾ’ ಅಂತಾರಲ್ಲ, ನನ್ನ ಏನು? ನನ್ನ ಅಕ್ಕಾನಾ, ನನ್ನ ಅತ್ತೇನಾ? ಯಾರೂ ಪೂರ್ತಿ ಹೇಳೋದೇ ಇಲ್ಲ.”

ಅದು ನನ್ನ ಅಲ್ಲ, ನೊನ್ನಾ, ಅಂದರೆ ಅಜ್ಜಿ ಎಂದು ಹೇಳಿದೆ. ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಸಂಜೆ ಬೇಲಿಯ ಹತ್ತಿರ ಹೋಗಿ, ಅರ್ಧಕ್ಕೆ ನಿಂತಿದ್ದನ್ನು ತಾವೇ ಪೂರ್ತಿ ಮಾಡಿ, “ನನ್ನಮ್ಮಾ, ಚೆನ್ನಾಗಿದೀರಾ?” ಅಂದರು. ನೊನ್ನಾಗೆ ಬಹಳ ಖುಷಿಯಾಗಿ ಒಂದು ಬುಟ್ಟಿ ಅಂಜೂರ ಕೊಟ್ಟರು.

ಈ ಸ್ನೇಹಕ್ಕೆ ಒಂದೇ ಒಂದು ಗಂಡಾಂತರ ಬಂತು. ಒಂದು ಮಧ್ಯಾಹ್ನ ಅತ್ತೆ ಕಿಟಕಿ ತೆಗೆದಿಟ್ಟು ತೊವ್ವೆಗೆ ಇಂಗಿನ ಒಗ್ಗರಣೆ ಹಾಕಿದರು. ಊರಿಂದ ತಂದ ಗಟ್ಟಿ ಇಂಗು, ಧಾರಾಳವಾಗಿ. ಸ್ವಲ್ಪ ಹೊತ್ತಿಗೆಲ್ಲ ಮನೆಯ ಮುಂದೆ ಗ್ಯಾಸಿನವರ ವ್ಯಾನು ನಿಂತಿತು. ಫುಟ್‌ಪಾತಿನ ಮೇಲೆ ನೊನ್ನಾ, ಒಂದು ಕೈಯಲ್ಲಿ ಸಂತರ ಪಟ, ಇನ್ನೊಂದು ಕೈಯಲ್ಲಿ ಸಾಸಿನ ಪಾತ್ರೆ. ಮನೆ ಹಾರಿಹೋಗುವುದಕ್ಕೆ ಮುಂಚೆ ಉಳಿಸಿಕೊಂಡಿದ್ದು ಅವೆರಡೇ. “ಗ್ಯಾಸ್! ಗ್ಯಾಸ್!” ಎಂದು ನಮ್ಮನ್ನೂ ಹೊರಗೆ ಕರೆಯುತ್ತಿದ್ದರು.

ಗ್ಯಾಸಿನವನು ಮೀಟರು ಹಿಡಿದುಕೊಂಡು ಅವರ ಮನೆಯೆಲ್ಲ ಹುಡುಕಿದ. ಆಮೇಲೆ ಮೂಗು ಹಿಡಿದ ದಾರಿಯಲ್ಲೇ ನಮ್ಮ ಅಡುಗೆಮನೆಗೆ ಬಂದ. ಅತ್ತೆ ಮರ್ಯಾದೆಯಿಂದ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದರು. ಅವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಕಣ್ಣು ಒರೆಸಿಕೊಂಡು, ಫಾರಂ ತುಂಬಿದ. ನಾನು ಇಣುಕಿ ನೋಡಿದೆ. ಸೋರಿಕೆಗೆ ಕಾರಣ ಎನ್ನುವಲ್ಲಿ ‘ಲಂಚ್’ ಎಂದು ಬರೆದಿದ್ದ.

೫. ಗ್ರಾಮಿನಲ್ಲಿ ಹೇಳಿ

ಆ ಆಗಸ್ಟಿನಲ್ಲಿ ಸಾಸಿನ ದಿನ ಬಂತು. ನೊನ್ನಾ ಮನೆಯಲ್ಲಿ ಅದು ಹಬ್ಬ. ಬೆಳಗ್ಗೆಯೇ ಟೊಮೆಟೊ ತೊಳೆದು, ಬೇಯಿಸಿ, ಕೈಯಂತ್ರದಲ್ಲಿ ತಿರುಗಿಸಿ, ಸಿಪ್ಪೆ ಬೀಜ ಬೇರೆ ಮಾಡಿ, ಬಾಟಲಿ ತುಂಬಿ, ಮತ್ತೆ ಆ ಬಾಟಲಿಗಳನ್ನೇ ಬೇಯಿಸಬೇಕು. ಯಂತ್ರ ತಿರುಗಿಸುವುದು ನಾನು. ಮೊಮ್ಮಗಳು ಸ್ಯಾನ್ ಡಿಯಾಗೊದಿಂದ ಡ್ರೈವ್ ಮಾಡಿಕೊಂಡು ಬಂದಿದ್ದಳು. ಅವಳಿಗೆ ಯಾವುದೋ ಲ್ಯಾಬಿನಲ್ಲಿ ಕೆಲಸ. ಅಜ್ಜಿಯ ಅಡುಗೆಯನ್ನು ಈ ಸಲ ಸರಿಯಾಗಿ ಬರೆದಿಟ್ಟುಕೊಳ್ಳಲೇಬೇಕು ಎಂದು ಪುಟ್ಟ ತಕ್ಕಡಿ ತಂದಿದ್ದಳು.

“ನೊನ್ನಾ, ಉಪ್ಪು ಎಷ್ಟು?”

“ಕ್ವಾಂತೊ ಬಾಸ್ತಾ.”

“ಗ್ರಾಮಿನಲ್ಲಿ ಹೇಳಿ.”

“ಕ್ವಾಂತೊ ಬಾಸ್ತಾ!”

ಹುಡುಗಿ ಬಿಡಲಿಲ್ಲ. ಅಜ್ಜಿಯ ಮುಷ್ಟಿ ಪಾತ್ರೆಯ ಮೇಲೆ ಬಂದಾಗಲೆಲ್ಲ ಮಣಿಕಟ್ಟು ಹಿಡಿದು ತಕ್ಕಡಿಗೆ ಎಳೆಯುತ್ತಿದ್ದಳು. ಮೊದಲ ಪಾತ್ರೆಗೆ ಒಂದು ತೂಕ, ಎರಡನೆಯದಕ್ಕೆ ಅದರ ಎರಡರಷ್ಟು. “ಎರಡೂ ಒಂದೇ ಅಳತೆ ಹೇಗಾಗುತ್ತೆ?” ಎಂದು ಅವಳಿಗೆ ಅಳು ಬರುವಂತಾಯಿತು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆಗೆ ತಡೆಯಲಿಲ್ಲ. ನನ್ನ ಹೆಂಡತಿಯನ್ನು ಕರೆದು ಹೇಳಿದರು:

“ರುಚಿಗೆ ತಕ್ಕಷ್ಟು ಅಂತಿದಾರೆ ಕಣೇ ಪಾಪ, ಆ ಮಗೂಗೆ ಹೇಳು.”

ನಾವು ಹೇಳಿದೆವು. ಮೊಮ್ಮಗಳು ಬೆರಗಾಗಿ, “ನಿಮ್ಮ ಮದರ್ ಇಟಾಲಿಯನ್ ಎಲ್ಲಿ ಕಲಿತರು?” ಅಂದಳು.

ಅಂದು ಮಧ್ಯಾಹ್ನ ಅಂಜೂರದ ಮರದ ಕೆಳಗೆ ಎಲ್ಲರಿಗೂ ಊಟ. ನೊನ್ನಾ ಎಂದಿನಂತೆ ಕೂರದೆ ಬಡಿಸುತ್ತಲೇ ಇದ್ದರು. ಅವರು ಕೂತು ತಿಂದಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ‘ನೀವು?’ ಎಂದರೆ ‘ಆಮೇಲೆ’ ಅನ್ನುತ್ತಿದ್ದರು. ನಮ್ಮಮ್ಮನೂ ಹಾಗೆಯೇ ಇದ್ದಳು. ನನ್ನ ಮಗಳ ತಟ್ಟೆಗೆ ಪಾಸ್ತಾ ಸುರಿದು ನೊನ್ನಾ “ಮಂಜಾ!” ಅಂದರು. ಅತ್ತೆಗೂ “ಮಂಜಾ!” ಅಂದರು. ಕಾಗದ ಕೊಡಲು ಬಂದ ಅಂಚೆಯವನನ್ನು ಕೂರಿಸಿ ಅವನಿಗೂ “ಮಂಜಾ!” ಅಂದರು.

“ಇದೇನು, ಎಲ್ಲರನ್ನೂ ನನ್ನ ಹೆಸರು ಹಿಡಿದು ಕರೀತಿದಾರೆ? ವಯಸ್ಸಾಯ್ತು ಪಾಪ,” ಅಂದೆ.

ಮಗಳು ಬಾಯಲ್ಲಿ ಪಾಸ್ತಾ ಇಟ್ಟುಕೊಂಡೇ ಹೇಳಿದಳು: “ಅಪ್ಪಾ, ಇಟ್ ಜಸ್ಟ್ ಮೀನ್ಸ್ ಈಟ್. ಶೀ ಸೇಸ್ ಇಟ್ ಟು ಎವ್ರಿಬಡಿ.”

ತಿನ್ನು! ಎರಡು ವರ್ಷದಿಂದ ಆ ಅಜ್ಜಿ ನನ್ನನ್ನು ಕರೆದೇ ಇರಲಿಲ್ಲ. ನಗಬೇಕಾದ ವಿಷಯವೇ ನಿಜ, ಆದರೆ ನನಗೆ ಬಹಳ ಬೇಜಾರಾಯಿತು. ಅಮ್ಮನ ಬಾಯಿಂದ ತಪ್ಪಿಸಿಕೊಂಡು ಹೇಗೋ ಸಮುದ್ರ ದಾಟಿ ಬಂದಿದ್ದ ಹೆಸರು ಎಂದುಕೊಂಡಿದ್ದೆ. ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ.

ನನ್ನ ಹೆಂಡತಿ ಹತ್ತಿರ ಬಂದಳು. “ನಿಮ್ಮಮ್ಮ ‘ಮಂಜಾ’ ಅಂತ ಕರೀತಿದ್ದಿದ್ದಾದ್ರೂ ಯಾತಕ್ಕೆ? ತಿನ್ನೋಕೆ ತಾನೇ? ಒಂದು ದಿನಾನಾದ್ರೂ ಓದೋಕೆ ಕರೆದಿದ್ರಾ?”

ಯೋಚಿಸಿದರೆ, ಕರೆದಿರಲಿಲ್ಲ.

೬. ಮಾಡಿದ್ದು ಯಾರು?

ಇನ್ನೆರಡು ವರ್ಷ ಬೇಲಿಯಾಚೆಯಿಂದ ‘ಮಂಜಾ’ ಬರುತ್ತಲೇ ಇತ್ತು. ಅರ್ಥ ಗೊತ್ತಾದ ಮೇಲೂ ನಾನು “ಬಂದೆ!” ಎಂದು ಓಡುತ್ತಲೇ ಇದ್ದೆ. ಆಮೇಲೆ ಒಂದು ದಿನ ಅಂಜೂರ ಕೀಳಲು ಹೋಗಿ ನೊನ್ನಾ ಜಾರಿ ಬಿದ್ದರು. ಸೊಂಟಕ್ಕೆ ಆಪರೇಷನ್ ಆಯಿತು. ಮೊಮ್ಮಗಳು ಅವರನ್ನು ಸ್ಯಾನ್ ಡಿಯಾಗೊಗೆ ಕರೆದುಕೊಂಡು ಹೋದಳು. ಬೇಲಿಯ ಆ ಕಡೆ ಸದ್ದಿಲ್ಲದೆ ಹೋಯಿತು. ನಾನು ಅಭ್ಯಾಸ ಬಲದಿಂದ ಊಟದ ಹೊತ್ತಿಗೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ತಿಂಗಳಾದ ಮೇಲೆ ಮೊಮ್ಮಗಳ ಫೋನು ಬಂತು. “ಎಮ್‌ಜೆ, ನೊನ್ನಾ ಊಟ ಮಾಡ್ತಿಲ್ಲ. ಬೆಳಿಗ್ಗೆ ಟೇಬಲ್ ಮೇಲೆ ಇಟ್ಟು ಹೋಗಿದ್ದು ಸಂಜೆ ಹಾಗೇ ಇರುತ್ತೆ. ಒಬ್ಬಳೇ ಕೂತು ತಿನ್ನೋದು ನನಗೆ ಯಾರೂ ಕಲಿಸಿಲ್ಲ ಅಂತಾರೆ. ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸಬೇಕು ಅಂದಿದಾರೆ ಡಾಕ್ಟರು.”

ಹಿಂದಿನ ಆಗಸ್ಟಿನ ಎರಡು ಬಾಟಲಿ ಸಾಸು ನಮ್ಮ ಗರಾಜಿನಲ್ಲಿತ್ತು. ಶನಿವಾರ ಬೆಳಿಗ್ಗೆ ನಾನೇ ಒಲೆಯ ಮುಂದೆ ನಿಂತೆ. ಅವರ ಎಣ್ಣೆ, ಬೆಳ್ಳುಳ್ಳಿ, ಅವರ ತೋಟದಿಂದ ಕಿತ್ತ ಆ ತುಳಸಿಯಂಥ ಎಲೆ. ಎಲ್ಲ ಅವರು ಮಾಡುತ್ತಿದ್ದ ಹಾಗೆಯೇ. ಬಿಸಿ ಪಾತ್ರೆಯನ್ನು ಕಾರಿನಲ್ಲಿಟ್ಟು ಹೊರಟೆವು. ಕಾರಿನ ಕಿಟಕಿ ಏರಿಸಿದ ತಕ್ಷಣ ಹೆಂಡತಿ ಮೂಗರಳಿಸಿದಳು.

“ರೀ, ಇಂಗು ಹಾಕಿದ್ರಾ?”

“ಒಂದೇ ಒಂದು ಚಿಟಿಕೆ.”

“ಇಟಾಲಿಯನ್ ಸಾಸಿಗೆ ಇಂಗು ಯಾಕ್ರೀ?”

“ಎಣ್ಣೆ ಕಾದಿತ್ತು. ಕೈ ತಾನಾಗೇ ಡಬ್ಬಿಗೆ ಹೋಯ್ತು.”

ತಿರುಗಿ ಹೋಗುವಂತಿರಲಿಲ್ಲ. ಸ್ಯಾನ್ ಡಿಯಾಗೊದವರೆಗೂ ಕಿಟಕಿ ಇಳಿಸಿಕೊಂಡೇ ಹೋದೆವು.

ನೊನ್ನಾ ಬಾಲ್ಕನಿಯ ಕಡೆ ಮುಖ ಮಾಡಿ ಕೂತಿದ್ದರು. ಎಷ್ಟು ಸಣ್ಣಗಾಗಿದ್ದರೆಂದರೆ ನನಗೆ ಭಯವಾಯಿತು. ಮಾತಾಡಿಸಿದರೆ ತಲೆಯಾಡಿಸಿದರು, ಅಷ್ಟೇ. ಮೊಮ್ಮಗಳು ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದಳು.

ನೊನ್ನಾ ಬೆನ್ನು ನೆಟ್ಟಗೆ ಮಾಡಿದರು. “ಗ್ಯಾಸ್!” ಅಂದರು.

ವಾಕರ್ ಹಿಡಿದು ಎದ್ದೇಬಿಟ್ಟರು. ಒಲೆಯ ಹತ್ತಿರ ಬಂದು, ಮರದ ಸೌಟಿನಲ್ಲಿ ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು, ಸೌಟನ್ನು ನಮ್ಮೆಲ್ಲರ ಕಡೆ ತಿರುಗಿಸಿ ಕೇಳಿದರು:

“ಇದನ್ನ ಮಾಡಿದ್ದು ಯಾರು?”

ತಪ್ಪು ಒಪ್ಪಿಕೊಳ್ಳುವುದು ನನ್ನ ಧರ್ಮ. ಎದೆಯ ಮೇಲೆ ಕೈಯಿಟ್ಟು ಹೇಳಿದೆ: “ಮಂಜು.”

“ಅದು ಗೊತ್ತು. ಮಾಡಿದ್ದು ಯಾರು?”

“ಮಂಜು, ನೊನ್ನಾ!”

“ತಿಂತೀಯ, ತಿಂತೀಯ! ನಾಲ್ಕು ವರ್ಷದಿಂದ ನೋಡ್ತಿದೀನಿ ನೀನು ತಿನ್ನೋದನ್ನ! ನಾನು ಕೇಳ್ತಿರೋದು ಮಾಡಿದ್ದು ಯಾರು ಅಂತ!”

ಮೊಮ್ಮಗಳು ನನ್ನ ಕಡೆ ತಿರುಗಿದಳು. “ಎಮ್‌ಜೆ, ನಿಮ್ಮ ಹೆಸರು... ಮಂಜುನಾ?” ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತಳು. ನಗು ನಿಂತ ಮೇಲೆ ವಿವರಿಸಿದಳು. ಅವರ ಭಾಷೆಯಲ್ಲಿ ‘ಮಾಂಜಾ’ ಎಂದರೆ ತಿನ್ನು. ‘ಮಾಂಜೊ’ ಎಂದರೆ ನಾನು ತಿನ್ನುತ್ತೇನೆ.

ನೊನ್ನಾ ನನ್ನ ಹೆಂಡತಿಗೆ ಸಾಕ್ಷಿ ಹೇಳುವವರ ಹಾಗೆ ಹೇಳಿದರು: “ಮೊದಲನೇ ದಿನ ಮುಖ ಮುಚ್ಚಿಕೊಂಡು ಬಂದ. ಗುಡ್ ಮಾರ್ನಿಂಗ್ ಇಲ್ಲ, ಏನಿಲ್ಲ. ಎದೆ ಮೇಲೆ ಕೈಯಿಟ್ಟು ‘ನಾನು ತಿಂತೀನಿ’ ಅಂದ. ಕೊಟ್ಟೆ. ಮಾರನೇ ದಿನ ಖಾಲಿ ತಟ್ಟೆ ಹಿಡಿದುಕೊಂಡು ಬಂದು ‘ಅಜ್ಜಿ, ತಿಂತೀನಿ’ ಅಂತ ಕೂಗಿದ. ದಿನಾ ಕೂಗಿದ! ಇವನ ಹೆಂಡತಿ ಒಲೇನೇ ಹಚ್ಚಲ್ಲ ಅಂದ್ಕೊಂಡಿದ್ದೆ ನಾನು.”

ನನ್ನ ಹೆಂಡತಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವುದಿಲ್ಲ.

ನೊನ್ನಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಬೆಣ್ಣೆ ಹಾಕಿ, ಉಪ್ಪು ಹಾಕಿ, ಎಲೆ ಹಾಕಿ, ನನ್ನ ಸಾಸಿಗೆ ಚಿಕಿತ್ಸೆ ಮಾಡಿದರು. ಮೊಮ್ಮಗಳು ಪಾಸ್ತಾ ಬಡಿಸಿ ಅವರನ್ನು ಮೇಜಿಗೆ ಕೂರಿಸಿದಳು. ನಾನು ಆ ಕಡೆ ಬೆನ್ನು ಮಾಡಿ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವರು ತಿನ್ನುತ್ತಾರೋ ಇಲ್ಲವೋ ಎಂದು ತಿರುಗಿ ನೋಡಲು ಧೈರ್ಯವಿರಲಿಲ್ಲ. ಹಿಂದಿನಿಂದ ಆ ಹುಡುಗಿ ಅಜ್ಜಿಯನ್ನು ಬೇಡಿಕೊಳ್ಳುವ ದನಿ ಕೇಳಿಸಿತು. ಅಜ್ಜಿ, ತಿನ್ನು ಎಂದು. ಅವರ ಭಾಷೆಯಲ್ಲಿ ಅದು ಎರಡೇ ಶಬ್ದ:

“ನೊನ್ನಾ, ಮಾಂಜಾ.”

‘ನನ್ನ ಮಂಜಾ.’ ನನ್ನ ಕಿವಿಗೆ ಬಿದ್ದದ್ದು ಅದು. ಅಮ್ಮ ಕೂಡ ಹಾಗೆ ಅಂದಿರಲಿಲ್ಲ, ನನಗೆ ಜ್ವರ ಬಂದಾಗ ಬಿಟ್ಟರೆ.

“ಬಂದೆ!” ಎಂದು ಕೂಗಿ, ಒದ್ದೆ ಕೈಯಲ್ಲೇ ಓಡಿಹೋಗಿ, ಕುರ್ಚಿ ಎಳೆದುಕೊಂಡು ನೊನ್ನಾ ಪಕ್ಕದಲ್ಲಿ ಕೂತೇಬಿಟ್ಟೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೊನ್ನಾ ತಮ್ಮ ತಟ್ಟೆಯಿಂದ ಅರ್ಧ ಪಾಸ್ತಾ ಎತ್ತಿ ನನ್ನ ಮುಂದಿದ್ದ ಖಾಲಿ ತಟ್ಟೆಗೆ ಹಾಕಿದರು. ಉಳಿದರ್ಧವನ್ನು ಫೋರ್ಕಿಗೆ ಸುತ್ತಿ, ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ಮತ್ತೆ ಒಂದು ತುತ್ತು. ಮತ್ತೊಂದು. ಆಮೇಲೆ ಮೊಮ್ಮಗಳಿಗೆ ಹೇಳಿದರು:

“ನೋಡಿದೆಯಾ? ಊಟಕ್ಕೆ ಕರೆದಿದ್ದು ನನ್ನನ್ನ. ಓಡಿ ಬಂದಿದ್ದು ಇವನು. ಇನ್ನು ನಾನು ಬೇಗ ತಿನ್ನದೆ ಇದ್ರೆ ನನಗೇನು ಉಳಿಯುತ್ತೆ?”